ಅಜ್ಜಿಯ ಪೆಟ್ಟಿಗೆಯ ಎರಡು ಪುಸ್ತಕಗಳು

ಅಜ್ಜಿಯ ಮರದ ಪೆಟ್ಟಿಗೆಯಲ್ಲಿ ಬೈಬಲ್ಲಿನ ಮಗ್ಗುಲಿಗೇ ಕಿಟೆಲ್ಲರ ಕನ್ನಡ ನಿಘಂಟು ಇರುತ್ತಿತ್ತು. ಬೆನ್ನು ಕಿತ್ತುಹೋಗಿ, ಮೈದಾ ಅಂಟು ಹಚ್ಚಿ ಹಳೆಯ ಸೀರೆಯ ತುಂಡು ಅಂಟಿಸಿದ ಪ್ರತಿ.

ಫರ್ಡಿನೆಂಡ್ ಕಿಟೆಲ್ಲರು 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಸುವಾರ್ತೆ ಸಾರಲು ಭಾರತಕ್ಕೆ ಬಂದಾಗ ಅವರ ವಯಸ್ಸು 21. ಬೋಧಿಸಲು ಬಂದವರು ಹಳಗನ್ನಡದ ಮುಂದೆ ಶಿಷ್ಯರಾಗಿ ಕೂತರು. ನನಗೆ ಅವರಲ್ಲಿ ಅತಿ ಪ್ರಿಯವಾದದ್ದು ಇದೇ. 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿಗೆ ಇಳಿಸಿದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. ಜೈನ ಕವಿ ಕೇಶಿರಾಜ ಬರೆದ ವ್ಯಾಕರಣಕ್ಕಾಗಿ ಕ್ರೈಸ್ತ ಪಾದ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದುಡಿದರು!

ಸುಮಾರು 70,000 ಪದಗಳ ಅವರ ನಿಘಂಟು 1894ರಲ್ಲಿ ಮಂಗಳೂರಿನ ಮಿಷನ್ ಮುದ್ರಣಾಲಯದಿಂದ ಹೊರಬಂತು. ಕಾವ್ಯದ ಪದದ ಪಕ್ಕದಲ್ಲೇ ಬಾಯಿಮಾತಿನ ಗಾದೆಗೂ ಅಲ್ಲಿ ಜಾಗ; ಪಂಡಿತರ ಮಾತು, ಒಕ್ಕಲಿನವರ ಮಾತು ಎಂಬ ಪಂಕ್ತಿಭೇದವಿಲ್ಲ.

ಮನಸ್ಸು ಕದಡಿದ ದಿನ ಅಜ್ಜಿ ಮೊದಲು ಬೈಬಲ್ಲಿನ ಕೀರ್ತನೆಗಳನ್ನು ಓದುತ್ತಿದ್ದರು, ಆಮೇಲೆ ನಿಘಂಟು ಬಿಚ್ಚಿ ‘ತಾಳ್ಮೆ’ಯಂಥ ಒಂದು ಪದದ ಮೇಲೆ ಬೆರಳಿಟ್ಟು ಕೂರುತ್ತಿದ್ದರು. ಫೋನು ಬದಿಗಿಟ್ಟು ಈಗ ನಾನೂ ಹಾಗೇ ಕೂರುತ್ತೇನೆ. ‘ತಾಳ್ಮೆ’ಯ ಪುಟದ ಅಂಚಿನಲ್ಲಿ ಅವರ ಬೆರಳಿನ ಎಣ್ಣೆಯ ಕಲೆ ಇನ್ನೂ ಇದೆ.