ತೀರುವುದು ಯಾವುದು ಮೊದಲು?

ಡೊಂಬಿವಲಿಯಿಂದ ಬೆಳಿಗ್ಗೆ ಮುಂಬಯಿಗೆ ಹೊರಡುವ ಫಾಸ್ಟ್ ಲೋಕಲ್‌ನಲ್ಲಿ ಕನ್ನಡ ಕಿವಿಗೆ ಬೀಳುವುದು ಅಪರೂಪವೇನಲ್ಲ. ಗಾಡಿ ಠಾಣೆ ದಾಟುವ ಹೊತ್ತಿಗೆ ಬೆನ್ನ ಹಿಂದೆ ಯಾರೋ ಫೋನಿನಲ್ಲಿ ಹೇಳುತ್ತಿದ್ದರು: "ಹದಿನಾರು ವರ್ಷ ನಮ್ಮೊಟ್ಟಿಗಿತ್ತು, ಮೊನ್ನೆ ತೀರಿಹೋಯ್ತು ಮಾರಾಯ." ಸಾಕಿದ ನಾಯಿಯೇ ಇರಬೇಕೆಂದು ಮನಸ್ಸಿನಲ್ಲೇ ಮರುಗಿದೆ. ಮುಂದಿನ ಮಾತಿಗೆ ಗುಟ್ಟು ಬಯಲಾಯಿತು. ತೀರಿದ್ದು ಮನೆಸಾಲ.

ತಪ್ಪು ನನ್ನದಲ್ಲ, ಪದದ್ದು. ಕನ್ನಡದಲ್ಲಿ ಸಾಲ ತೀರುತ್ತದೆ, ಬಾಯಾರಿಕೆ ತೀರುತ್ತದೆ, ಹರಕೆ ತೀರುತ್ತದೆ, ವ್ಯಾಜ್ಯ ತೀರುತ್ತದೆ. ಕಡೆಗೊಂದು ದಿನ ಮನುಷ್ಯನೂ ತೀರಿಕೊಳ್ಳುತ್ತಾನೆ. 'ಮುಗಿ' ಎಂಬುದು ಇದಕ್ಕೆ ಸಮಾನಪದವೆಂದು ತೋರುತ್ತದೆ, ಆದರೆ ಸಿನಿಮಾ ಮುಗಿಯುತ್ತದೆಯೇ ಹೊರತು ತೀರುವುದಿಲ್ಲ. ಏನಾದರೂ ಬಾಕಿ ಇದ್ದರೆ ತಾನೇ ತೀರುವುದು? ಬ್ರಾಹ್ಮಣ ಋಣ ಹೊತ್ತೇ ಹುಟ್ಟುತ್ತಾನೆಂದು ತೈತ್ತಿರೀಯ ಸಂಹಿತೆ ಲೆಕ್ಕ ಕೊಡುತ್ತದೆ: ಋಷಿಗಳಿಗೊಂದು, ದೇವತೆಗಳಿಗೊಂದು, ಪಿತೃಗಳಿಗೊಂದು. ಸತ್ತವರನ್ನು ಕುರಿತು 'ಭೂಮಿಯ ಋಣ ತೀರಿತು' ಎನ್ನುವ ನಮ್ಮ ಮಾತಿನಲ್ಲೂ ಅಂಥದೇ ಒಂದು ಖಾತೆ ಮುಚ್ಚುತ್ತದೆ.

ಹಳಗನ್ನಡದಲ್ಲಿ ಇದು 'ತೀರ್'. ಅಚ್ಚ ದ್ರಾವಿಡ ಧಾತು; ತಮಿಳು, ಮಲಯಾಳ, ತೆಲುಗು, ತುಳುಗಳಲ್ಲೆಲ್ಲ ಇದರ ಒಡಹುಟ್ಟುಗಳಿವೆ. ನಮ್ಮ 'ತೀರ್ಪು', 'ತೀರ್ಮಾನ' ಇದೇ ಮನೆಯವು. ಕರಾವಳಿಯ ಹಿರಿಯರಿಗೆ ಇನ್ನೊಂದೂ ನೆನಪಿರುತ್ತದೆ: 'ತೀರ್ವೆ'. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ದಕ್ಷಿಣ ಕನ್ನಡದ ರೈತ ಸರ್ಕಾರಕ್ಕೆ ಕಟ್ಟುತ್ತಿದ್ದ ಭೂಕಂದಾಯದ ಹೆಸರು ಅದು. ಆ ಊರುಗಳಿಂದ ಬಂದು ಡೊಂಬಿವಲಿ, ಕಲ್ಯಾಣಗಳಲ್ಲಿ ಬೇರುಬಿಟ್ಟ ತುಳುವರ ಬಾಯಲ್ಲಿ ಧಾತು ಇನ್ನೊಂದು ದಾರಿ ಹಿಡಿದಿದೆ. 'ಎಂಕ್ ತೀರುಜಿ' ಎಂದರೆ 'ನನ್ನಿಂದಾಗದು'. ಕನ್ನಡದ 'ಹೇಳತೀರದು' ಎಂಬಲ್ಲಿಯೂ ಅದೇ ಅರ್ಥದ ಎಳೆಯಿದೆ.

ಮೋಸದ ನೆಂಟನೊಬ್ಬನಿದ್ದಾನೆ, ಎಚ್ಚರ. ಸಂಸ್ಕೃತದ 'ತೀರ' ಎಂದರೆ ದಡ. ಸಾಲ ತೀರುವುದೆಂದರೆ ತೀರ ಸೇರುವುದು ಎಂದು ಯಾರಾದರೂ ಹೇಳಿದರೆ ಕೇಳಲು ಚೆನ್ನಾಗಿರುತ್ತದೆ, ಅಷ್ಟೇ. ಆ 'ತೀರ'ದ್ದು 'ದಾಟು' ಎಂಬರ್ಥದ ಸಂಸ್ಕೃತ ಧಾತುವಿನ ಕುಲ. ಆ ಕುಲದವರು ಬೇಕಿದ್ದರೆ ಇಲ್ಲಿನ ಬ್ಯಾಂಕುಗಳ ಮರಾಠಿ ಕಾಗದಗಳಲ್ಲೇ ಸಿಗುತ್ತಾರೆ. ಸಾಲಕ್ಕೆ ಇಡುವ ಭದ್ರತೆಗೆ ಮರಾಠಿಯಲ್ಲಿ 'ತಾರಣ'. ಅಡವಿಗೆ 'ಗಹಾಣ', ಅದು ಸಂಸ್ಕೃತದ 'ಗ್ರಹಣ'ದಿಂದ ಬಂದದ್ದು. ಸೂರ್ಯನಿಗೆ ಹಿಡಿಯುವುದೂ ಅದೇ. ಕಂತಿಗೆ 'ಹಪ್ತಾ', ಮೂಲದಲ್ಲಿ ಪಾರಸಿಯ ಏಳು ದಿನ. ತೀರಿಸುವುದಕ್ಕೆ 'ಫೇಡಣೆ'. ನಾವು ಸಾಲವನ್ನೂ ಹರಕೆಯನ್ನೂ ಒಂದೇ ಕ್ರಿಯಾಪದದಲ್ಲಿ ತೀರಿಸಿದಂತೆ ಅವರು ಕರ್ಜವನ್ನೂ ನವಸವನ್ನೂ ಒಂದೇ ಪದದಲ್ಲಿ 'ಫೇಡು'ತ್ತಾರೆ. ಆ ಪದಕ್ಕೆ 'ಬಿಚ್ಚು' ಎಂಬರ್ಥವೂ ಇದೆ. ಅವರಿಗೆ ಸಾಲ ಗಂಟು, ನಮಗೆ ಬಾಕಿ.

ಇನ್ನು ವ್ಯಾಕರಣ. ಸಾಲ ತಾನಾಗಿ 'ತೀರ'ಬಹುದು. ತಿಂಗಳು ತಿಂಗಳು ಕಂತು ಹೋಗುತ್ತಿದ್ದರೆ ಸಾಕು. ಅಥವಾ ನಾವೇ ಮುಂದಾಗಿ ಅದನ್ನು 'ತೀರಿಸ'ಬಹುದು. ನಿವೃತ್ತಿ ಹತ್ತಿರವಾದ ಮನೆಗಳಲ್ಲಿ ರಾತ್ರಿ ಊಟದ ಮೇಲೆ ನಡೆಯುವ ಚರ್ಚೆಯೆಲ್ಲ ಈ 'ಇಸು' ಪ್ರತ್ಯಯದ ಸುತ್ತಲೇ. ಪಿ.ಎಫ್., ಗ್ರಾಚ್ಯುಟಿ ಬಂದ ಕೂಡಲೇ ತೀರಿಸಿಬಿಡುವುದೋ, ಪಿಂಚಣಿಯಲ್ಲೇ ತೀರಲು ಬಿಡುವುದೋ?

ಲೆಕ್ಕ ಹಾಕಿ ನೋಡೋಣ. ಶೇ. 8.5ರ ಬಡ್ಡಿಗೆ 20 ವರ್ಷದ 30 ಲಕ್ಷ ಸಾಲ. ತಿಂಗಳ ಕಂತು ಸುಮಾರು 26,035 ರೂಪಾಯಿ. ಮೊದಲ ಕಂತಿನಲ್ಲಿ 21,250 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 4,785. ಒಟ್ಟು ಬಡ್ಡಿ 32 ಲಕ್ಷಕ್ಕೂ ಹೆಚ್ಚು. ಆದರೆ ಕಡೆಯ ಐದು ವರ್ಷ ಉಳಿದಿರುವಾಗ ಬಾಕಿ ಅಸಲು 12.7 ಲಕ್ಷದಷ್ಟಿದ್ದು, ಮುಂದೆ ಕಟ್ಟಬೇಕಾದ ಬಡ್ಡಿ ಮೂರು ಲಕ್ಷಕ್ಕೂ ಕಡಿಮೆ. 'ತೀರಿಸು'ವಿನ ಬಲವೆಲ್ಲ ಸಾಲದ ಎಳವೆಯಲ್ಲಿ. ಚರವಾಗಿ ಬದಲಾಗುವ ಬಡ್ಡಿಯ ಮನೆಸಾಲವನ್ನು ಅವಧಿಗೆ ಮೊದಲೇ ತೀರಿಸುವವರಿಗೆ ಬ್ಯಾಂಕುಗಳು ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಬೋನಸ್ ಬಂದಾಗಲೆಲ್ಲ ಅಷ್ಟಿಷ್ಟು ಅಸಲಿಗೆ ಕಟ್ಟುತ್ತ ಬಂದವರು ಜಾಣರು.

ತಾನಾಗಿ ತೀರಲಿ ಎಂದು ಬಿಟ್ಟವರಿಗೆ ಒಂದು ಅಪಾಯವಿದೆ: ಸಾಲ ಉದ್ದವಾಗುತ್ತದೆ. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕಿನ ರೆಪೊ ದರ ಶೇ. 4ರಿಂದ 6.5ಕ್ಕೆ ಏರಿತು, ಬೆನ್ನಿಗೇ ಮನೆಸಾಲದ ಚರ ಬಡ್ಡಿಯೂ. ಎಷ್ಟೋ ಸಾಲಗಳಲ್ಲಿ ಕಂತು ಇದ್ದಷ್ಟೇ ಇತ್ತು, ಬೆಳೆದದ್ದು ವರ್ಷಗಳು. ನಿವೃತ್ತಿಗೆ ಮೊದಲು ತೀರಬೇಕಾದ ಸಾಲ ನಿವೃತ್ತಿಯ ಅಂಗಳಕ್ಕೆ ಕಾಲಿಟ್ಟಿತು. ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂಬುದನ್ನು ಸಾಲಗಾರನಿಗೇ ಬಿಡಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿದ್ದು ಆಮೇಲೆ, 2023ರ ಆಗಸ್ಟ್‌ನಲ್ಲಿ.

ಹಾಗಾದರೆ ಇದ್ದದ್ದೆಲ್ಲ ಸುರಿದು ತೀರಿಸಿಬಿಡುವುದೇ? ಇಲ್ಲಿ ಪದ ತನ್ನ ಇನ್ನೊಂದು ಮುಖ ತೋರಿಸುತ್ತದೆ. ಡಬ್ಬಿಯ ಅಕ್ಕಿ ತೀರುವಂತೆ ಕೈಯ ದುಡ್ಡೂ ತೀರುತ್ತದೆ. ಠೇವಣಿಯ ಬಡ್ಡಿ ಸಾಲದ ಬಡ್ಡಿಗಿಂತ ಕಡಿಮೆ ಇರುವಾಗ ಸಾಲ ಕಟ್ಟುವುದೇ ಲಾಭ, ಸರಿ. ಆದರೆ ನವಿ ಮುಂಬಯಿಯ ನೆರೂಳಿನಲ್ಲಿ ಸ್ವಂತ ಮನೆ, ಬ್ಯಾಂಕಿನಲ್ಲಿ ಸೊನ್ನೆ ಎಂದಾದರೆ ಆಸ್ಪತ್ರೆಯ ಬಿಲ್ಲಿಗೆ ಅಡುಗೆಮನೆಯೊಂದನ್ನೇ ಮಾರಲಾಗದು. ಸಾಲ ತೀರಿದ ಮೇಲೂ ಸೊಸೈಟಿಯ ಮೇಂಟೆನೆನ್ಸ್ ತೀರುವುದಿಲ್ಲ. ಎರಡು ವರ್ಷದ ಮನೆಖರ್ಚು, ಕಾಯಿಲೆಗೊಂದು ಗಂಟು ಪಕ್ಕಕ್ಕಿಟ್ಟು, ಉಳಿದದ್ದರಲ್ಲಿ ತೀರಿಸುವುದು ಲೇಸು.

ಈ ಪದ ತಲೆಕೆಳಗಾಗುವ ಒಂದು ಯೋಜನೆಯೂ ಇದೆ. 2007ರಲ್ಲಿ ಮಾರ್ಗಸೂಚಿ ಪಡೆದ ರಿವರ್ಸ್ ಮಾರ್ಟ್‌ಗೇಜ್‌ನಲ್ಲಿ 60 ದಾಟಿದವರಿಗೆ ಮನೆಯ ಭದ್ರತೆಯ ಮೇಲೆ ಬ್ಯಾಂಕೇ ಕಂತು ಕೊಡುತ್ತದೆ. ಗಂಡ ಹೆಂಡತಿ ಇಬ್ಬರೂ ತೀರಿಕೊಂಡ ಮೇಲೆ ಆ ಸಾಲ ತೀರುತ್ತದೆ, ಮನೆ ಮಾರಿಯೋ, ಮಕ್ಕಳು ಕಟ್ಟಿಯೋ. ನಮ್ಮವರು ಅದಕ್ಕೆ ಒಗ್ಗಲೇ ಇಲ್ಲ. ತೀರದ ಸಾಲ ಬಿಟ್ಟು ತೀರಿಕೊಳ್ಳುವುದು ಈ ನುಡಿಯಲ್ಲಿ ಬೆಳೆದವರಿಗೆ ಅಷ್ಟು ಸಲೀಸಲ್ಲ.

ಇದೇ ಧಾತುವಿನಿಂದ ತೆಲುಗರು 'ತೀರಿಕ' ಎಂಬ ಪದ ಮಾಡಿಕೊಂಡಿದ್ದಾರೆ. ಅರ್ಥ, ಬಿಡುವು. ನಿವೃತ್ತಿಗೆ ಅದಕ್ಕಿಂತ ಒಳ್ಳೆಯ ಹೆಸರು ನನಗೆ ಕಾಣದು. ಅದು ಸಿಗಬೇಕಾದರೆ ತೀರುವ ಮೂರರ ಸರದಿ ತಪ್ಪಬಾರದು: ಮೊದಲು ಸಾಲ, ಆಮೇಲೆ ನಾವು, ಕಟ್ಟಕಡೆಗೆ ದುಡ್ಡು.