ಎಡತೋಳಿನ ಕಲೆ, ಆರು ಟ್ಯೂಬಿನ ಪ್ಯಾಕೆಟ್ಟು

ಎಡಗೈ ತೋಳು ಸ್ವಲ್ಪ ಮೇಲೆತ್ತಿ ನೋಡ್ಕೊಳ್ಳಿ. ಭುಜದ ಹತ್ತಿರ ಒಂದು ಪುಟ್ಟ ಕಲೆ ಇದ್ಯಾ? ಹುಟ್ಟಿದಾಗ ಹಾಕಿದ ಬಿಸಿಜಿ ಲಸಿಕೆಯ ಗುರುತು ಅದು. ಕ್ಷಯ ಬರದಿರಲಿ ಅಂತ ಹಾಕೋದು.

ಅದೇ ಬಿಸಿಜಿಯನ್ನ ಈಗ ನಮ್ಮ ದೊಡ್ಡಪ್ಪನ ಮೂತ್ರಕೋಶಕ್ಕೆ (ಕಿಡ್ನಿ ಅಲ್ಲ, ಬ್ಲ್ಯಾಡರ್) ಹಾಕ್ತಿದ್ದಾರೆ. ಕ್ಯಾನ್ಸರಿಗೆ. ವಾರಕ್ಕೊಂದರಂತೆ ಆರು. "ಆರೇ ಯಾಕೋ?" ಅಂತ ನನ್ನ ಕೇಳಿದ್ರು. ಹುಡುಕ್ತಾ ಹೋದೆ.

1908. ಫ್ರಾನ್ಸಿನ ಲೀಲ್ ನಗರ. ವೈದ್ಯ ಕಾಲ್ಮೆಟ್, ಪಶುವೈದ್ಯ ಗೆರಿನ್. ಹಸುವಿನ ಕ್ಷಯದ ಬ್ಯಾಕ್ಟೀರಿಯಾವನ್ನ ಪಿತ್ತರಸ ಸೇರಿಸಿದ ಆಲೂಗಡ್ಡೆ ಚೂರಿನ ಮೇಲೆ ಬೆಳೆಸಿದರು. ಕೆಲವು ವಾರ ಆದ್ಮೇಲೆ ಹೊಸ ಚೂರಿಗೆ ಬದಲಾವಣೆ. ಹೀಗೆ 13 ವರ್ಷ, ಸುಮಾರು 230 ಸಲ! ನಡುವೆ ಮೊದಲ ಮಹಾಯುದ್ಧ ಬಂತು, ಊರು ಜರ್ಮನ್ನರ ವಶವಾಯ್ತು, ಇವರು ಬಿಡಲಿಲ್ಲ. ಕೊನೆಗೆ ಆ ಬ್ಯಾಕ್ಟೀರಿಯಾ ರೋಗ ತರುವ ಶಕ್ತಿ ಕಳಕೊಂಡಿತು. 1921ರಲ್ಲಿ ಮೊದಲ ಸಲ ಒಂದು ಮಗುವಿಗೆ ಕೊಟ್ಟರು.

ಕ್ಯಾನ್ಸರ್ ಎಲ್ಲಿಂದ ಬಂತು? 1929ರಲ್ಲಿ ಅಮೆರಿಕದ ರೇಮಂಡ್ ಪರ್ಲ್ ಶವಪರೀಕ್ಷೆಯ ದಾಖಲೆ ನೋಡಿ, ಕ್ಷಯ ಇದ್ದವರಲ್ಲಿ ಕ್ಯಾನ್ಸರ್ ಕಮ್ಮಿ ಅಂದರು. ಆ ಲೆಕ್ಕದಲ್ಲಿ ದೋಷ ಇತ್ತು. ಕುತೂಹಲ ಮಾತ್ರ ಉಳೀತು.

ಮೂತ್ರಕೋಶದ ಕ್ಯಾನ್ಸರಿನ ಕಾಟ ಏನಂದ್ರೆ, ಒಳಪದರದ ಗೆಡ್ಡೆಯನ್ನ ಕೆರೆದು ತೆಗೆದರೂ ಮತ್ತೆ ಮತ್ತೆ ಬರುತ್ತೆ. ಕೆಲವರಲ್ಲಿ ಸ್ನಾಯುವಿಗೂ ಇಳಿಯುತ್ತೆ. ಆಗ ಎಷ್ಟೋ ಜನರಿಗೆ ಮೂತ್ರಕೋಶವನ್ನೇ ತೆಗೀಬೇಕು. ಹಲವರಿಗೆ ಹೊಟ್ಟೆ ಮೇಲೆ ಚೀಲ ಕಟ್ಟಿಕೊಂಡೇ ಬದುಕು.

1976ರಲ್ಲಿ ಕೆನಡಾದ ಕಿಂಗ್‌ಸ್ಟನ್‌ನ ಅಲ್ವಾರೊ ಮೊರಾಲೆಸ್ ಒಂದು ವರದಿ ಪ್ರಕಟಿಸಿದರು. ಬರೀ 9 ರೋಗಿಗಳು. ನಳಿಕೆಯಲ್ಲಿ ಬಿಸಿಜಿ ಒಳಗೆ ಬಿಟ್ಟರೆ ದೇಹದ ರಕ್ಷಣಾ ಕಣಗಳು ಅಲ್ಲಿಗೆ ನುಗ್ಗುತ್ತವೆ, ಗೆಡ್ಡೆ ಮರಳಿ ಬರೋದು ಕಮ್ಮಿ ಆಗುತ್ತೆ. ಉರಿ, ಜ್ವರ ವಾರದೊಳಗೆ ಇಳಿಯುತ್ತಿತ್ತು, ಅದಕ್ಕೇ ವಾರಕ್ಕೊಂದು. ಆರು ಯಾಕೆ ಗೊತ್ತಾ? ಆ ಬಿಸಿಜಿ ಬರ್ತಿದ್ದದ್ದು ಆರು ಟ್ಯೂಬಿನ ಪ್ಯಾಕೆಟ್ಟಲ್ಲಿ! ನಾನಂತೂ ಜೋರಾಗಿ ನಕ್ಕುಬಿಟ್ಟೆ.

1990ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಆರರ ನಂತರವೂ ಆಗಾಗ ಮೂರು ಮೂರು ವಾರ ಕೊಟ್ಟರೆ ಇನ್ನೂ ಒಳ್ಳೇದು ಅಂತ 2000ದಲ್ಲಿ ಡೊನಾಲ್ಡ್ ಲ್ಯಾಮ್ ತಂಡ ತೋರಿಸಿತು. ಎಲ್ಲರಿಗೂ ಇದು ಕೆಲಸ ಮಾಡಲ್ಲ. ಔಷಧ ಸಿಗೋದೂ ಕೆಲವೊಮ್ಮೆ ಕಷ್ಟ: ಒಮ್ಮೆ ಟೊರಾಂಟೊದ ಒಂದು ತಯಾರಿಕಾ ಘಟಕಕ್ಕೆ ನೀರು ನುಗ್ಗಿ, ಹಲವು ದೇಶಗಳ ರೋಗಿಗಳು ಕಾಯಬೇಕಾಯ್ತು.

ದೊಡ್ಡಪ್ಪ ಮೂತ್ರದಲ್ಲಿ ರಕ್ತ ಕಂಡದ್ದನ್ನ ನಾಚಿಕೆಯಿಂದ ನಾಲ್ಕು ತಿಂಗಳು ಮುಚ್ಚಿಟ್ಟಿದ್ರು. ನೋವೇ ಇರಲಿಲ್ವಂತೆ. ಪ್ಯಾಕೆಟ್ಟಿನ ಕಥೆ ಹೇಳಿದೆ. "ಪುಣ್ಯಕ್ಕೆ ಡಜನ್ ಲೆಕ್ಕದಲ್ಲಿ ಬರ್ತಿರ್ಲಿಲ್ಲ ಬಿಡು" ಅಂದ್ರು. ಈ ಗುರುವಾರ ಐದನೇದು.