ರಾಯಣ್ಣನ ಪ್ರತಿಮೆ ಗೊತ್ತು, ರಾಯಣ್ಣನ ಹೊಲ ಗೊತ್ತಿಲ್ಲ

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ಮೊದಲು ಪೀರನವಾಡಿ ಸಿಗುತ್ತದೆ. 2020ರ ಆಗಸ್ಟ್‌ನಲ್ಲಿ ಇಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆ ವಿಚಾರಕ್ಕೆ ದೊಡ್ಡ ಗಲಾಟೆಯಾಯಿತು. ಕೊನೆಗೆ ಪ್ರತಿಮೆ ರಾಯಣ್ಣನದು, ವೃತ್ತದ ಹೆಸರು ಶಿವಾಜಿ ಮಹಾರಾಜರದು ಎಂದು ರಾಜಿಯಾಯಿತು. ಅಂಥ ದಿನಗಳಲ್ಲಿ ನನ್ನಂಥ ಬಿಡಿ ಸುದ್ದಿಗಾರರಿಗೆ ಪುರುಸೊತ್ತೇ ಇರುವುದಿಲ್ಲ. ಯಾರು ಏನು ಕೂಗಿದರು, ಪೊಲೀಸರು ಎಷ್ಟು ಜನ ಬಂದರು, ಎಲ್ಲವನ್ನೂ ಬರೆದು ಕಳಿಸುತ್ತೇವೆ. ರಾಯಣ್ಣ ದಂಗೆ ಎದ್ದದ್ದು ಯಾಕೆ ಎಂಬ ಒಂದು ಸಾಲು ಮಾತ್ರ ನನ್ನ ವರದಿಗಳಲ್ಲಿ ಇರುತ್ತಿರಲಿಲ್ಲ. ನನಗೂ ಅದು ಸರಿಯಾಗಿ ಗೊತ್ತಿರಲಿಲ್ಲ.

ಶಾಲೆಯಲ್ಲಿ ಕಲಿತ ಇಸವಿಗಳು ನೆನಪಿದ್ದವು. 1824ರಲ್ಲಿ ಕಿತ್ತೂರಿನ ಯುದ್ಧ. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಚೆನ್ನಮ್ಮನ ಸಾವು. 1831ರ ಜನವರಿ 26ರಂದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ರಾಯಣ್ಣನಿಗೆ ಗಲ್ಲು. ಆಮೇಲೆ ಓದುತ್ತಾ ಹೋದಾಗ ತಿಳಿದದ್ದು ಬೇರೆ. ರಾಯಣ್ಣ ರಾಜನಲ್ಲ, ಶೇತಸನದಿ. ಅಂದರೆ ಊರಿನ ಸೇವೆಗೆ ಪ್ರತಿಯಾಗಿ ಹೊಲ ಪಡೆದವನು. ಕಿತ್ತೂರು ಬಿದ್ದ ಮೇಲೆ ಕಂಪನಿ ಸರ್ಕಾರ ಇಂಥ ಇನಾಂ ಜಮೀನುಗಳಿಗೆ ಕೈ ಹಾಕಿತು, ಕಂದಾಯ ಹೆಚ್ಚಿಸಿತು. ರಾಯಣ್ಣನಿಗೂ ಆ ಪೆಟ್ಟು ಬಿತ್ತು. ಕಿತ್ತೂರಿನ ದತ್ತುಪುತ್ರನನ್ನು ಗಾದಿಗೆ ಕೂರಿಸುವ ಹಂಬಲವೂ ಅವನಿಗಿತ್ತು, ನಿಜ. ಆದರೆ 1830ರಲ್ಲಿ ಅವನ ಪಡೆ ಬೆಂಕಿ ಇಟ್ಟದ್ದು ಇದೇ ತಾಲ್ಲೂಕಿನ ಬೀಡಿಯ ಸರ್ಕಾರಿ ಕಚೇರಿಗೆ. ಅವನ ಜೊತೆ ಸಿದ್ದಿ ಗಜವೀರನೂ ಇದ್ದ. ಅವನನ್ನು ಹಿಡಿದುಕೊಟ್ಟವರೂ ಈ ಸೀಮೆಯವರೇ.

ಈಗ ಅದೇ ರಸ್ತೆಗೆ ಬನ್ನಿ. ಪೀರನವಾಡಿ ದಾಟಿದರೆ ಮಚ್ಛೆ. ಹಲಗಾ–ಮಚ್ಛೆ ಬೈಪಾಸ್‌ಗೆ ಫಲವತ್ತಾದ ಭೂಮಿ ಹೋಗುತ್ತದೆಂದು ರೈತರು ವರ್ಷಗಟ್ಟಲೆ ಹೋರಾಡಿದ್ದಾರೆ, ಕೋರ್ಟು ಹತ್ತಿದ್ದಾರೆ. ಪ್ರತಿಮೆಯ ಗಲಾಟೆಗೆ ಸಿಕ್ಕ ಜಾಗದ ಕಾಲು ಭಾಗವನ್ನೂ ನಾನು ಆ ಹೋರಾಟಕ್ಕೆ ಕೊಟ್ಟಿರಲಿಲ್ಲ.

ಅಂದಿನ ಕಂಪನಿ ಸರ್ಕಾರವೂ ಇಂದಿನ ಸರ್ಕಾರವೂ ಒಂದೇ ಅಲ್ಲ. ಈಗ ಕಾನೂನಿದೆ, ಪರಿಹಾರವಿದೆ, ಮತದಾನವಿದೆ. ಆದರೆ ಕೇಳಬೇಕಾದ ಪ್ರಶ್ನೆ ಹಳೆಯದೇ: ಅಳೆದವರು ಯಾರು, ಹೊಲದವನನ್ನು ಕೇಳಿದ್ದು ಯಾವಾಗ, ಕಾಗದದಲ್ಲಿ ಏನು ಬರೆದಿದೆ? ಇತಿಹಾಸ ಓದಿದರೆ ನಾಳೆ ಏನಾಗುತ್ತದೆಂದು ಗೊತ್ತಾಗುವುದಿಲ್ಲ. ಇವತ್ತು ಯಾವ ಪ್ರಶ್ನೆ ಕೇಳಬೇಕೆಂದು ಗೊತ್ತಾಗುತ್ತದೆ. ಓದದಿದ್ದರೆ ರಾಯಣ್ಣ ಒಂದು ಭಾಷೆಯವರ ಬಾವುಟವಾಗುತ್ತಾನೆ, ಇನ್ನೊಂದು ಭಾಷೆಯವರಿಗೆ ಎದುರಾಳಿಯಾಗುತ್ತಾನೆ. ಜಮೀನು ಕಳೆದುಕೊಳ್ಳುವ ಭಯ ಮಾತ್ರ ಮರಾಠಿ ಮಾತಾಡುವ ರೈತನಿಗೂ ಕನ್ನಡ ಮಾತಾಡುವ ರೈತನಿಗೂ ಒಂದೇ.

ಜನವರಿ 26 ಬಂದರೆ ನಂದಗಡದ ಆಲದ ಮರದ ಹತ್ತಿರ ಜನ ಸೇರುತ್ತಾರೆ. ಆ ಸುದ್ದಿಯಲ್ಲಿ ನಾನು ಈಗ ಒಂದು ಸಾಲು ಸೇರಿಸುತ್ತೇನೆ: ರಾಯಣ್ಣ ಹೊಲಕ್ಕಾಗಿಯೂ ಹೋರಾಡಿದವನು. ಜಾಗ ಸಾಲದೆ ಡೆಸ್ಕಿನವರು ಕೆಲವು ಸಲ ಅದನ್ನೇ ಕತ್ತರಿಸುತ್ತಾರೆ. ಮರುವರ್ಷ ಮತ್ತೆ ಬರೆದು ಕಳಿಸುತ್ತೇನೆ.